ಕೂರುವವರು ಯಾರೆಂದು ಮೊದಲು ಕೇಳುವ ಚೌಡೇಶ್ವರಿ

ಬೆಳಗಿನ ಐದೂಕಾಲು. ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ ಹಿಟ್ಟಿನ ಗಿರಣಿಯೊಂದರ ಮೇಲಿನ ಕೋಣೆಗೆ ಹತ್ತುವ ಮೆಟ್ಟಿಲಲ್ಲಿ ನಾನು ಆಗಲೇ ಎರಡು ಸಲ ಎಡವಿದ್ದೇನೆ. ಬಾಗಿಲು ತೆರೆದೇ ಇದೆ. ಒಳಗೆ ಗವ್ವೆನ್ನುವ ಕತ್ತಲು. ಆ ಕತ್ತಲಲ್ಲಿ ಯಾರೋ ಅರಳು ಹುರಿದಂತೆ ಮಾತಾಡುತ್ತಿದ್ದಾರೆ. ಕನ್ನಡವೋ, ತೆಲುಗೋ, ಮಂತ್ರವೋ ಒಂದೂ ತಿಳಿಯುತ್ತಿಲ್ಲ. ಒಂದು ಹೆಜ್ಜೆ ಒಳಗಿಟ್ಟೆನೋ ಇಲ್ಲವೋ, ಮೊಣಕಾಲು ಯಾವುದೋ ಕಬ್ಬಿಣಕ್ಕೆ ಬಡಿದು ಬಾಯಿಂದ "ಅಯ್ಯಪ್ಪಾ" ತಾನಾಗಿಯೇ ಹೊರಬೀಳುತ್ತದೆ.

"ಪೆಟ್ಟಾತೇನ್ರಿ? ಬಲಗಡೆ ಗ್ವಾಡೀಗೆ ಸ್ವಿಚ್ ಐತೆ, ಹಾಕ್ಕೊಳ್ರಿ. ನನಗೆ ಬ್ಯಾಡ, ಆದ್ರೆ ನಿಮಗೆ ಬೇಕಲ್ಲ" ಎಂದು ಒಂದು ಹೆಣ್ಣುದನಿ ನಗುತ್ತದೆ. ನಾನು ಗೋಡೆ ತಡವುತ್ತೇನೆ. ದೀಪ ಹತ್ತುತ್ತದೆ.

ಕಂಪ್ಯೂಟರಿನ ಮುಂದೆ ಕುರ್ಚಿಯಲ್ಲಿ ಚಕ್ಕಳಮಕ್ಕಳ ಹಾಕಿ, ಕೀಲಿಮಣೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿರುವವರು ಚೌಡೇಶ್ವರಿ. ವಯಸ್ಸು ಮೂವತ್ತಾರು. ಪರದೆ ಇರಬೇಕಾದ ಜಾಗದಲ್ಲಿ ಚಹಾದ ಥರ್ಮಾಸು ಇದೆ. ಹುಟ್ಟಿದ್ದು ಲೋಕಿಕೆರೆಯಲ್ಲಿ, ಈಗ ಅವ್ವನ ಜೊತೆ ಇರುವುದು ವಿನೋಬನಗರದಲ್ಲಿ. ಏಳನೆಯ ವಯಸ್ಸಿನಲ್ಲಿ ಬಂದ ಜ್ವರವೊಂದು ಇಳಿಯುವ ಹೊತ್ತಿಗೆ ಎರಡೂ ಕಣ್ಣು ಹೋಗಿದ್ದವು. ಅರಳು ಹುರಿಯುತ್ತಿದ್ದುದು ಮನುಷ್ಯರಲ್ಲ, ಅವರ ಕಂಪ್ಯೂಟರ್. ಪರದೆಯ ಮೇಲೆ ಬರಬೇಕಾದ ಅಕ್ಷರವನ್ನೆಲ್ಲ ಅದು ಗಟ್ಟಿಯಾಗಿ ಓದುತ್ತದೆ, ಇವರು ಕೇಳಿಸಿಕೊಂಡು ಕೀ ಒತ್ತುತ್ತಾರೆ. ಓದುವ ವೇಗವನ್ನು ನೂರರಲ್ಲಿ ತೊಂಬತ್ತೆರಡಕ್ಕೆ ಇಟ್ಟುಕೊಂಡಿದ್ದಾರೆ. ನನ್ನಂಥವನ ಕಿವಿಗೆ ಅದು ಬರೀ ಗಲಗಲ. ಅವರಿಗೆ ಸ್ಫಟಿಕದಷ್ಟು ಸ್ಪಷ್ಟ.

ದಾವಣಗೆರೆ, ಹರಿಹರದ ಸುತ್ತಮುತ್ತ ಕಣ್ಣು ಕಾಣದವರಿಗೆ ಕಂಪ್ಯೂಟರ್ ಕಲಿಸುವ ಹತ್ತೊಂಬತ್ತು ಸಣ್ಣ ಕೇಂದ್ರಗಳಿವೆ. ಒಂದು ಪುಟ್ಟ ಟ್ರಸ್ಟು ಅವನ್ನು ನಡೆಸುತ್ತದೆ. ಅಲ್ಲಿರುವ ಇನ್ನೂರ ಹನ್ನೆರಡು ಕಂಪ್ಯೂಟರುಗಳು ಗುಂಡಿ ಒತ್ತಿದ ಕೂಡಲೇ ಕನ್ನಡದಲ್ಲಿ ಮಾತಾಡುತ್ತವೆ. ಅವುಗಳಿಗೆ ಬಾಯಿ ಬರಿಸಿದವರು ಈ ಚೌಡೇಶ್ವರಿ. ಅಲ್ಲಿ ಕಲಿಯುವ ಹೆಚ್ಚಿನವರಿಗೆ ಇವರ ಹೆಸರೇ ಗೊತ್ತಿಲ್ಲ. ಕಲಿಸುವ ಮೇಷ್ಟ್ರು ಗೊತ್ತು, ಕಂಪ್ಯೂಟರ್ ದಾನ ಕೊಟ್ಟವರ ಹೆಸರು ಗೋಡೆಯ ಕಲ್ಲಿನ ಮೇಲಿದೆ. ಇವರು ಗಿರಣಿಯ ಮೇಲೆ ಹಿಟ್ಟಿನ ಧೂಳಿನಲ್ಲಿ ಕೂತಿದ್ದಾರೆ.

ಇವತ್ತಿನ ದಿನ ಅವರಿಗೆ ದೊಡ್ಡದು. ಹರಿಹರದ ಕೇಂದ್ರದಲ್ಲಿ ಬೆಳಿಗ್ಗೆ ಹತ್ತಕ್ಕೆ ಹೊಸ ತಂಡ ಶುರು. ಅದಕ್ಕೆ ಕುಬೇರಪ್ಪ ಎಂಬ ಹಿರಿಯರು ಬರುತ್ತೇನೆಂದು ಒಪ್ಪಿದ್ದಾರಂತೆ. ಹದಿನಾಲ್ಕು ತಿಂಗಳ ಹಿಂದೆ ಇದೇ ಕೇಂದ್ರದಿಂದ ಎದ್ದು ಹೋದವರು ಇಲ್ಲಿಯವರೆಗೆ ತಿರುಗಿ ನೋಡಿಲ್ಲ. "ಒಂದೇ ಒಂದು ಸಲ ಬಂದು ಕೂಡ್ತೀನಿ, ಹೊಂದಿದ್ರೆ ಸರಿ, ಇಲ್ಲಾಂದ್ರೆ ಮತ್ತ ಕರೀಬ್ಯಾಡ್ರಿ" ಎಂದಿದ್ದಾರೆ. ಅವರು ಎದ್ದು ಹೋಗಲು ಕಾರಣ ಚೌಡೇಶ್ವರಿ. ಇದನ್ನು ನನಗೆ ಹೇಳಿದವರೂ ಚೌಡೇಶ್ವರಿಯೇ.

"ಬರೀರಿ, ಮುಚ್ಚಿಡೋದೇನೈತಿ. ನನ್ನ ತಪ್ಪಿಂದ ಒಬ್ರು ಮನಿ ಸೇರಿದ್ರು. ಇವತ್ತು ಅವ್ರು ಕೂತ್ರೆ ನನಗೆ ಅನ್ನ ರುಚಿ ಹತ್ತುತ್ತೆ" ಎನ್ನುತ್ತಾರೆ.

ಮೊದಲು ಅವರ ಕೆಲಸ ಏನೆಂದು ಹೇಳಿಬಿಡುತ್ತೇನೆ. ನನಗೂ ಕಂಪ್ಯೂಟರಿಗೂ ಮೊದಲಿಂದ ಅಷ್ಟಕ್ಕಷ್ಟೆ, ಆದ್ದರಿಂದ ನನಗೆ ತಿಳಿದಷ್ಟು ನಿಮಗೂ ತಿಳಿದೀತು. ಒಂದು ಕೇಂದ್ರದ ಹನ್ನೆರಡು ಕಂಪ್ಯೂಟರಿಗೆ ಒಂದೊಂದಾಗಿ ಮಾತಿನ ತಂತ್ರಾಂಶ, ಕನ್ನಡ ಕೀಲಿಮಣೆ, ಓದುವ ಪುಸ್ತಕ ಎಲ್ಲ ತುಂಬುತ್ತಾ ಕೂತರೆ ವಾರ ಹಿಡಿಯುತ್ತದೆ. ಅದರ ಬದಲು ಒಂದು ಅಚ್ಚು ಮಾಡುತ್ತಾರೆ. ಕಂಪ್ಯೂಟರಿನ ಹೊಟ್ಟೆಯಲ್ಲಿರಬೇಕಾದುದೆಲ್ಲ ಇರುವ ಒಂದೇ ದೊಡ್ಡ ಕಡತ. ಕಸುಬಿನವರು ಇದನ್ನು ಇಮೇಜ್ ಎನ್ನುತ್ತಾರೆ. ಅದನ್ನು ಪೆನ್‌ಡ್ರೈವಿನಲ್ಲಿ ಒಯ್ದು ಎಷ್ಟು ಯಂತ್ರಕ್ಕೆ ಬೇಕಾದರೂ ಇಳಿಸಬಹುದು. ಆ ಅಚ್ಚನ್ನೂ ಚೌಡೇಶ್ವರಿ ಕೈಯಾರೆ ಮಾಡುವುದಿಲ್ಲ. ಹೇಗೆ ಮಾಡಬೇಕೆಂದು ಸಾಲುಸಾಲಾಗಿ ಬರೆದಿಟ್ಟಿದ್ದಾರೆ. ಆ ಬರಹಕ್ಕೆ ಟೆಂಪ್ಲೇಟ್ ಎಂದು ಹೆಸರು. ಮುನ್ನೂರ ನಲವತ್ತು ಸಾಲು. ಯಂತ್ರ ಅದನ್ನು ಓದಿಕೊಂಡು ಮೂವತ್ತೆಂಟು ನಿಮಿಷದಲ್ಲಿ ಅಚ್ಚು ಕಟ್ಟಿ ಕೊಡುತ್ತದೆ.

"ಚಾಲೂ ಮಾಡ್ತೀನಿ ನೋಡ್ರಿ" ಎಂದು ಚೌಡೇಶ್ವರಿ ಒಂದು ಕೀ ಒತ್ತುತ್ತಾರೆ. ಯಂತ್ರ ಎರಡು ಸೆಕೆಂಡು ಗಲಗಲ ಎಂದು ಗಪ್ಪನೆ ನಿಂತುಬಿಡುತ್ತದೆ. ಏನೋ ಕೆಟ್ಟಿತೆಂದು ನಾನು ಕಕ್ಕಾಬಿಕ್ಕಿಯಾಗುತ್ತೇನೆ. ಅಪಶಕುನದ ಕಾಲು ನನ್ನದೇ ಇರಬೇಕು ಎಂದು ಒಳಗೊಳಗೇ ಅಂದುಕೊಳ್ಳುತ್ತೇನೆ.

"ಕೆಟ್ಟಿಲ್ರಿ! ಅದು ಕೇಳ್ತಾ ಐತೆ."

"ಏನು ಕೇಳ್ತಿದೆ?"

"ವೇಗ ಎಷ್ಟು ಅಂತ. ಅಂದ್ರೆ, ಕೂಡೋರು ಯಾರು ಅಂತ."

ಇಲ್ಲಿದೆ ನೋಡಿ ಈ ಹೆಣ್ಣುಮಗಳ ಕೆಲಸದ ಜೀವ. ಟೆಂಪ್ಲೇಟಿನಲ್ಲಿ ಕೆಲವು ಕಡೆ ಅವರು ಅಂಕಿಯನ್ನಾಗಲಿ ಹೆಸರನ್ನಾಗಲಿ ಬರೆಯುವುದಿಲ್ಲ. ಆ ಜಾಗಕ್ಕೊಂದು ಹೆಸರಿಟ್ಟು ಖಾಲಿ ಬಿಡುತ್ತಾರೆ. ಅಚ್ಚು ಕಟ್ಟುವ ಹೊತ್ತಿಗೆ ಅಲ್ಲಿಗೆ ಬೇಕಾದ ಬೆಲೆಯನ್ನು ಕೊಡುತ್ತಾರೆ. ಕಸುಬಿನ ಮಾತಿನಲ್ಲಿ ಅದು ವೇರಿಯಬಲ್. ನಾನು ತಲೆ ಕೆರೆದುಕೊಂಡದ್ದು ಅವರಿಗೆ ಹೇಗೆ ಗೊತ್ತಾಯಿತೋ, ವಿವರಿಸುತ್ತಾರೆ: "ನಮ್ಮವ್ವ ಜಂಪರ್ ಹೊಲೀತಾಳ್ರಿ. ಕಟಿಂಗ್ ಒಂದೇ. ತೋಳಿನ ಅಳತಿ, ಎದಿ ಅಳತಿ ಮಾತ್ರ ಬಂದೋರ್ದು. ಎಲ್ರಿಗೂ ತನ್ನ ಅಳತೀನೇ ಇಟ್ಟು ಹೊಲಿದ್ರೆ ಯಾರು ಹಾಕ್ಕೊಂತಾರ?"

ಅವರ ಬಳಿ ಅಂಥ ಇಪ್ಪತ್ತಮೂರು ಖಾಲಿ ಜಾಗಗಳಿವೆ. ಕೇಂದ್ರದ ಹೆಸರು, ಶಬ್ದದ ಮಟ್ಟ, ಕೀಲಿಮಣೆಯ ಬಗೆ, ಯಾವ ಪುಸ್ತಕಗಳು, ಹೀಗೆ. ಇಪ್ಪತ್ತೆರಡಕ್ಕೆ ಮೊದಲೇ ಒಂದು ಬೆಲೆ ಕೊಟ್ಟಿಟ್ಟಿದ್ದಾರೆ. ಹೇಳಿದರೆ ಹೇಳಿದ್ದನ್ನು ಹಾಕಿಕೊಳ್ಳುತ್ತದೆ, ಸುಮ್ಮನಿದ್ದರೆ ಇಟ್ಟಿದ್ದನ್ನು ಹಾಕಿಕೊಳ್ಳುತ್ತದೆ. ವೇಗ ಒಂದಕ್ಕೆ ಮಾತ್ರ ಏನನ್ನೂ ಇಟ್ಟಿಲ್ಲ. ಬೇಕೆಂದೇ ಇಟ್ಟಿಲ್ಲ. ಅದನ್ನು ಕೊಡದಿದ್ದರೆ ಯಂತ್ರ ಒಂದು ಹೆಜ್ಜೆಯೂ ಮುಂದಿಡುವುದಿಲ್ಲ. ಅರವತ್ತಕ್ಕಿಂತ ಹೆಚ್ಚು ಕೊಟ್ಟರೂ ಒಪ್ಪುವುದಿಲ್ಲ, "ಹೊಸಬರಿಗೆ ಇಷ್ಟು ಬೇಡ" ಎಂದು ಚೌಡೇಶ್ವರಿಯೇ ಬರೆದಿಟ್ಟ ವಾಕ್ಯವನ್ನು ಚೌಡೇಶ್ವರಿಗೇ ಓದಿ ಹೇಳುತ್ತದೆ.

"ಇಪ್ಪತ್ತೆರಡಕ್ಕೂ ಇಟ್ಟೋರು ಇದಕ್ಕೂ ಒಂದು ಇಟ್ಟುಬಿಟ್ರೆ ಆರಾಮಲ್ವಾ?" ಎಂದು ನಾನು ನನ್ನ ಜಾಣತನ ತೋರಿಸುತ್ತೇನೆ.

"ಆರಾಮಾಗಿದ್ದೇ ತಪ್ಪಾಗಿದ್ದು" ಎನ್ನುತ್ತಾರೆ. ಆಮೇಲೆ ಇಪ್ಪತ್ತೈದು ಎಂದು ಟೈಪು ಮಾಡುತ್ತಾರೆ. ಯಂತ್ರ ಹೊರಡುತ್ತದೆ.

ಆ ಇಪ್ಪತ್ತೈದನ್ನು ಗಾಳಿಯಿಂದ ಹಿಡಿದು ತಂದದ್ದಲ್ಲ. ಹರಿಹರದಲ್ಲಿ ಕಲಿಸುವ ರಶ್ಮಿ ಮೇಡಂಗೆ ನಿನ್ನೆ ಸಂಜೆ ಫೋನ್ ಮಾಡಿ ಒಬ್ಬೊಬ್ಬರ ಬಗ್ಗೆಯೂ ಕೇಳಿದ್ದಾರೆ. ಒಟ್ಟು ಒಂಬತ್ತು ಜನ. ಯಾರಿಗೆ ಎಷ್ಟು ವಯಸ್ಸು, ಕಣ್ಣು ಹೋಗಿ ಎಷ್ಟು ದಿನ, ಕಿವಿ ಹೇಗೆ, ರೇಡಿಯೋ ಕೇಳುವ ರೂಢಿ ಇದೆಯೇ, ಮನೆಯಲ್ಲಿ ಯಾವ ಮಾತು. ಕೇಂದ್ರ ಯಾವುದೇ ಇರಲಿ, ಅಚ್ಚು ಕಟ್ಟುವ ಮೊದಲು ಈ ಫೋನ್ ಆಗಲೇಬೇಕು. ಹತ್ತೊಂಬತ್ತು ಕೇಂದ್ರದ ಮೇಷ್ಟ್ರುಗಳೂ ಇವರ ಫೋನ್ ಬಂದರೆ "ಹಲೋ" ಎನ್ನುವುದಿಲ್ಲವಂತೆ. "ಯಾರು ಕೂಡ್ತಾರಪ್ಪ ಅಂದ್ರೆ..." ಎಂದೇ ಶುರು ಮಾಡುತ್ತಾರಂತೆ.

ಅಚ್ಚು ಕಟ್ಟುತ್ತಿರುವ ಮೂವತ್ತೆಂಟು ನಿಮಿಷದಲ್ಲಿ ಚೌಡೇಶ್ವರಿ ಥರ್ಮಾಸಿನಿಂದ ಎರಡು ಲೋಟಕ್ಕೆ ಚಹಾ ಬಗ್ಗಿಸುತ್ತಾರೆ, ಒಂದು ಹನಿ ಚೆಲ್ಲದೆ. ನಾನು ಬಗ್ಗಿಸಿದರೆ ಬಟ್ಟೆಗೂ ಒಂದಿಷ್ಟು ಕುಡಿಸುತ್ತೇನೆ. ಇಷ್ಟು ಬೇಗ ಯಾಕೆ ಬರುತ್ತೀರಿ ಎಂದರೆ, ಆರೂವರೆಗೆ ಕೆಳಗೆ ಗಿರಣಿ ಶುರುವಾದರೆ ಏನೂ ಕೇಳಿಸುವುದಿಲ್ಲವಂತೆ. "ಕಣ್ಣಿದ್ದೋರಿಗೆ ಬೆಳಕಾದ್ಮೇಲೆ ಕೆಲ್ಸ. ನನಗೆ ಸದ್ದಾಗೋದ್ರೊಳಗೆ ಕೆಲ್ಸ."

ವಿನೋಬನಗರದಿಂದ ಇಲ್ಲಿಗೆ ದಿನಾ ನಡೆದೇ ಬರುತ್ತಾರೆ. ಬೀದಿನಾಯಿಗಳಿಗೂ ಇವರಿಗೂ ಒಪ್ಪಂದವಾಗಿದೆಯಂತೆ. ಲೋಕಿಕೆರೆಯಲ್ಲಿ ಕೂಲಿ ಮಾಡುತ್ತಿದ್ದ ಅವ್ವ, ಮಗಳು ಅಂಧಮಕ್ಕಳ ಶಾಲೆಗೆ ಹೋಗಲೆಂದೇ ಊರು ಬಿಟ್ಟು ಪೇಟೆಗೆ ಬಂದು ಹೊಲಿಗೆ ಹಿಡಿದರು. ಮಗಳು ಬ್ರೈಲಿನಲ್ಲಿ ಓದಿ ಬಿ.ಎ. ಮಾಡಿದಳು. ಟೆಲಿಫೋನು ಎತ್ತುವ ಕೆಲಸಕ್ಕೆ ನಾಲ್ಕು ಕಡೆ ಹೋದಳು. ನಾಲ್ಕು ಕಡೆಯೂ ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತು. ಇಪ್ಪತ್ತೊಂದನೆಯ ವಯಸ್ಸಿಗೆ ಯಾರೋ ಪುಣ್ಯಾತ್ಮರು ಒಂದು ಹಳೆಯ ಕಂಪ್ಯೂಟರ್ ಕೊಟ್ಟರು. ಆಗ ಗೊತ್ತಾಯಿತು ನೋಡಿ ಒಂದು ವಿಷಯ.

"ಕಂಪ್ಯೂಟರ್ ಮಾತಾಡುತ್ತೆ ಅಂತಾರಲ್ಲ, ಅದು ಸುಳ್ಳು. ಮಾತಿನ ತಂತ್ರಾಂಶ ತುಂಬೋ ತನಕ ಅದು ಮೂಗ. ತುಂಬೋಕೆ ಕಣ್ಣಿದ್ದೋರೇ ಬೇಕು. ಅಂಗಡಿಯೋರು ನಾಳೆ ಬರ್ತೀನಿ, ನಾಳೆ ಬರ್ತೀನಿ ಅಂದ್ರು. ಹನ್ನೊಂದು ದಿನ ಅದರ ಮುಂದೆ ಕೈ ಕಟ್ಕೊಂಡು ಕೂತಿದ್ದೆ. ದಿನಾ ಧೂಳು ಒರೆಸ್ತಿದ್ದೆ, ಅಷ್ಟೆ. ನನ್ನದೇ ಕಂಪ್ಯೂಟರು, ನನಗೇ ಅದು ಕಲ್ಲು." ಆ ಹನ್ನೊಂದು ದಿನದ ಸಿಟ್ಟು ಇವರಿಂದ ಇಷ್ಟೆಲ್ಲ ಕೆಲಸ ಮಾಡಿಸಿದೆ. ಗುಂಡಿ ಒತ್ತಿದ ಕೂಡಲೇ ಮಾತಾಡುವ ಅಚ್ಚು ಮಾಡಬೇಕೆಂಬ ಹಟ ಆಗ ಹುಟ್ಟಿತು. ಕಲಿಸುವವರು ಯಾರೂ ಇರಲಿಲ್ಲ. ಇಂಗ್ಲಿಷಿನ ಕೈಪಿಡಿಗಳನ್ನು ಕಂಪ್ಯೂಟರಿನ ಬಾಯಲ್ಲೇ ಓದಿಸಿ, ಒಂದೊಂದು ಪುಟವನ್ನು ಐದಾರು ಸಲ ಕೇಳಿ ಕಲಿತಿದ್ದಾರೆ. ಕೇಳೀ ಕೇಳೀ ವೇಗ ಏರಿಸುತ್ತಾ ಹೋಗಿ ತೊಂಬತ್ತೆರಡಕ್ಕೆ ಬಂದು ನಿಂತಿದ್ದಾರೆ.

ಆ ತೊಂಬತ್ತೆರಡೇ ಕುತ್ತು ತಂದದ್ದು.

ಹೋದ ವರ್ಷ ಶ್ರಾವಣದಲ್ಲಿ ಹರಿಹರದ ಕೇಂದ್ರ ಶುರುವಾಯಿತು. ಹನ್ನೆರಡು ಕಂಪ್ಯೂಟರಿಗೆ ಚೌಡೇಶ್ವರಿ ಅಚ್ಚು ಕಟ್ಟಿಕೊಟ್ಟರು. ಆಗ ಈ ಖಾಲಿ ಜಾಗದ ವಿದ್ಯೆ ಅವರಿಗೆ ಇನ್ನೂ ಗೊತ್ತಿರಲಿಲ್ಲ. ಟೆಂಪ್ಲೇಟಿನೊಳಗೆ ಮೂರು ಕಡೆ ವೇಗದ ಮುಂದೆ ತೊಂಬತ್ತೆರಡು ಎಂದು ನೇರವಾಗಿ ಬರೆದಿದ್ದರು. ಪರೀಕ್ಷೆ ಮಾಡಿ ನೋಡಿದರು. ಎಲ್ಲ ಸೊಗಸಾಗಿ ಕೇಳುತ್ತಿತ್ತು. ಕಣ್ಣಿದ್ದವರಾಗಿದ್ದರೆ ಈ ತಪ್ಪು ಮಾಡುತ್ತಲೇ ಇರಲಿಲ್ಲ, ಒಂದು ನಿಮಿಷ ಕೇಳಿದ್ದರೆ ಕಿವಿ ಮುಚ್ಚಿಕೊಳ್ಳುತ್ತಿದ್ದರು. ಚೌಡೇಶ್ವರಿಗೆ ಅದು ತನ್ನ ಮನೆಯ ಮಾತು.

"ನನ್ನ ಕಿವಿಗೆ ಚಂದ ಕೇಳ್ತಿತ್ತು. ಎಲ್ರಿಗೂ ಹಂಗೇ ಅನ್ಕೊಂಡೆ. ಕುಬೇರಪ್ಪನೋರಿಗೆ ಕಣ್ಣು ಹೋಗಿ ಆರು ತಿಂಗಳು, ನನಗೆ ಇಪ್ಪತ್ತೆಂಟು ವರ್ಷ. ಆ ಲೆಕ್ಕ ತಲೀಗೆ ಹೊಳೀಲೇ ಇಲ್ಲ ನೋಡ್ರಿ."

ಕಣ್ಣಿದ್ದವರು ಒಬ್ಬರಿದ್ದರು. ಗೌಸ್ ಪೀರ್. ನಲವತ್ತೈದರ ಈ ಮನುಷ್ಯ ಹಳೆಯ ಕಂಪ್ಯೂಟರುಗಳನ್ನು ಊರೂರಿಂದ ತನ್ನ ಲಗೇಜ್ ಆಟೋದಲ್ಲಿ ಹೇರಿಕೊಂಡು ಬಂದು, ಬಿಚ್ಚಿ, ಧೂಳು ಊದಿ, ಮತ್ತೆ ಜೋಡಿಸುವವರು. ಅಚ್ಚನ್ನು ಯಂತ್ರಗಳಿಗೆ ಇಳಿಸುವವರೂ ಇವರೇ. ಅವತ್ತು ಅವರೂ ಕೇಳಿಸಿಕೊಂಡಿದ್ದರು. ಹಾಗಾದರೆ ಯಾಕೆ ಹೇಳಲಿಲ್ಲ? "ಹತ್ತು ವರ್ಷದಿಂದ ನಮ್ಮ ಚೌಡೇಶ್ವರಿ ತಂಗೆಮ್ಮನ ಕಂಪ್ಯೂಟರ್ ಹಂಗೇ ಬಡಬಡಿಸೋದು ಕೇಳೀನಿ ಸಾರ್. ಅದ್ರ ಜಾತೀನೇ ಹಂಗೆ ಅನ್ಕೊಂಡಿದ್ದೆ!" ಎಂದು ಗೌಸ್ ಪೀರ್ ಈಗಲೂ ಹಣೆ ಬಡಿದುಕೊಳ್ಳುತ್ತಾರೆ.

ಮೊದಲ ದಿನ ಹನ್ನೊಂದು ಜನ ಕೂತರು. ಎಲ್ಲರೂ ಐವತ್ತು ದಾಟಿದವರು, ಹೊಸದಾಗಿ ಕಣ್ಣು ಕಳೆದುಕೊಂಡವರು. ಗುಂಡಿ ಒತ್ತಿದರು. ಹನ್ನೊಂದು ಯಂತ್ರ ಒಟ್ಟಿಗೆ ಬಡಬಡಿಸತೊಡಗಿದವು. ಕುಬೇರಪ್ಪ ಎರಡು ನಿಮಿಷ ಕೂತಿದ್ದು ಎದ್ದರು. "ಕಣ್ಣು ಹೋದ್ವು ಅಂತ ಇಲ್ಲಿಗೆ ಬಂದೆ, ಕಿವೀನೂ ಹೋದಂಗಾತು" ಎಂದು ಹೇಳಿ, ಬಾಗಿಲು ಎಲ್ಲಿದೆ ಎಂದು ಕೇಳಿಕೊಂಡು ಹೋಗಿಬಿಟ್ಟರು.

ಚೌಡೇಶ್ವರಿ ಮರುದಿನವೇ ಹರಿಹರಕ್ಕೆ ಓಡಿ ಹನ್ನೆರಡೂ ಯಂತ್ರದ ವೇಗ ಇಳಿಸಿದರು. ಅವತ್ತು ಬೇಸತ್ತು ಹೋಗಿದ್ದ ಉಳಿದ ಹತ್ತು ಮಂದಿ ವಾರದೊಳಗೆ ಮರಳಿ ಬಂದರು. ಆದರೆ ಅಚ್ಚಿನಲ್ಲಿದ್ದ ತಪ್ಪು ಅಚ್ಚಿನಲ್ಲೇ ಇತ್ತಲ್ಲ. ಮುಂದಿನ ತಿಂಗಳು ಹೊಸ ಅಚ್ಚು ಕಟ್ಟುವಾಗ ಮೂರರಲ್ಲಿ ಎರಡು ಕಡೆ ತಿದ್ದಿ, ಮೂರನೆಯದನ್ನು ಮರೆತರು. ಹೆಸರು ಕೇಳುವ ಮೊದಲ ಪರದೆ ಮತ್ತೆ ತೊಂಬತ್ತೆರಡರಲ್ಲಿ ಗಲಗಲ ಎಂದಿತು. ಅವತ್ತು ಮನೆಗೆ ಹೋಗಿ ಅತ್ತರಂತೆ. ಆಮೇಲೆ ಮತ್ತೆ ಕೈಪಿಡಿಗೆ ಕಿವಿಗೊಟ್ಟರು. ಒಂದು ಬೆಲೆಯನ್ನು ಒಂದೇ ಜಾಗದಲ್ಲಿ ಹೇಳಿ, ಬೇಕಾದ ಕಡೆಯೆಲ್ಲ ಅದರ ಹೆಸರನ್ನಷ್ಟೇ ಬರೆಯುವ ವಿದ್ಯೆಯನ್ನು ಹಿಡಿದರು. ಈಗ ಟೆಂಪ್ಲೇಟ್ ಬೆಳೆದು, ವೇಗ ಎಂಬ ಹೆಸರು ಅದರಲ್ಲಿ ಹದಿನಾಲ್ಕು ಕಡೆ ಇದೆ, ಅದರ ಅಂಕಿ ಮಾತ್ರ ಎಲ್ಲೂ ಇಲ್ಲ.

ಖಾಲಿ ಜಾಗದ ಜೊತೆಗೆ ಇನ್ನೊಂದು ವಿದ್ಯೆಯೂ ಕೈಗೆ ಬಂತು. ಒಂದು ಬೆಲೆಯನ್ನು ಕೊಟ್ಟರೆ ಅದನ್ನು ಹದ ಮಾಡಿ ಹಿಂದಿರುಗಿಸುವ ಸಿದ್ಧ ಸೂತ್ರಗಳು. ಫಂಕ್ಷನ್ ಎನ್ನುತ್ತಾರೆ. ಗೌಸ್ ಪೀರ್ ಕೇಂದ್ರದ ಹೆಸರನ್ನು ಒಮ್ಮೆ ದೊಡ್ಡಕ್ಷರದ ಇಂಗ್ಲಿಷಿನಲ್ಲಿ, ಒಮ್ಮೆ ಸಣ್ಣಕ್ಷರದಲ್ಲಿ ಟೈಪು ಮಾಡಿಕೊಡುತ್ತಾರೆ. ಒಂದು ಫಂಕ್ಷನ್ನು ಎಲ್ಲವನ್ನೂ ಸಣ್ಣದು ಮಾಡಿಬಿಡುತ್ತದೆ. ಇನ್ನೊಂದು ಅಚ್ಚಿನ ಹೆಸರಿಗೆ ಕಟ್ಟಿದ ದಿನ, ಗಂಟೆ, ನಿಮಿಷವನ್ನು ತಾನೇ ಅಂಟಿಸುತ್ತದೆ. ಅದಕ್ಕೆ ಮುಂಚೆ ಇವರ ಪೆನ್‌ಡ್ರೈವುಗಳಲ್ಲಿ "ಹೊಸದು", "ಹೊಸದು ಎರಡು", "ಕಡೇದು", "ಖರೇನೇ ಕಡೇದು" ಎಂಬ ಹೆಸರಿನ ಅಚ್ಚುಗಳಿದ್ದವಂತೆ. ನಗಬೇಡಿ, ನನ್ನ ಲೇಖನಗಳ ಕಡತಗಳಿಗೂ ಇವೇ ಹೆಸರು. ಮೂರನೆಯ ಫಂಕ್ಷನ್ನು ಇವರ ಅಚ್ಚುಮೆಚ್ಚಿನದು. ಅದಕ್ಕೊಂದು ಹೆಸರಿನ ಪಟ್ಟಿ ಕೊಟ್ಟಿರುತ್ತಾರೆ. ಕಲಿಯುವವರ ಹೆಸರು ಆ ಪಟ್ಟಿಯಲ್ಲಿದ್ದರೆ ಅವರು ಮೆಚ್ಚಿದ ವೇಗವನ್ನೇ ತಂದು ಕೊಡುತ್ತದೆ, ಇಲ್ಲದಿದ್ದರೆ ಆ ಕೇಂದ್ರಕ್ಕೆಂದು ಹೇಳಿದ ವೇಗವನ್ನು ಕೊಡುತ್ತದೆ. ಹತ್ತೊಂಬತ್ತು ಕೇಂದ್ರ ಸೇರಿ ಪಟ್ಟಿಯಲ್ಲಿ ಇವತ್ತಿಗೆ ನೂರ ಅರವತ್ತಮೂರು ಹೆಸರು. ಕುಬೇರಪ್ಪನವರದಿಲ್ಲ.

ಆರು ಗಂಟೆಗೆ ಅಚ್ಚು ಸಿದ್ಧ. ಅದನ್ನು ಮೂಲೆಯಲ್ಲಿದ್ದ ಒಂದು ಹಳೆಯ ಕಂಪ್ಯೂಟರಿಗೆ ಇಳಿಸಿ ಚೌಡೇಶ್ವರಿ ನನ್ನ ಕಡೆಗೆ ತಿರುಗುತ್ತಾರೆ. "ಈಗ ನಿಮ್ಮ ಕಿವಿ ಬೇಕ್ರಿ." ಅವರಿಗೆ ತಮ್ಮ ಕಿವಿಯ ಮೇಲೆ ಈಗ ನಂಬಿಕೆಯಿಲ್ಲ. ಗೌಸ್ ಪೀರರ ಕಿವಿಯೂ ಕೆಟ್ಟಿದೆ. ಆದ್ದರಿಂದ ಪ್ರತಿ ಸಲ ಹೊಸಬರೊಬ್ಬರನ್ನು ಹಿಡಿಯುತ್ತಾರೆ. ಹಾಲಿನವರು, ಪೇಪರಿನವರು, ಗಿರಣಿಗೆ ಜೋಳ ತಂದವರು ಎಲ್ಲರೂ ಒಂದೊಂದು ಸಲ ಮೆಟ್ಟಿಲು ಹತ್ತಿದ್ದಾರೆ. ಇವತ್ತಿನ ಬಲಿ ನಾನು. ಕಣ್ಣು ಮುಚ್ಚಿ ಕೂಡಿಸಿ, ಯಂತ್ರ ಹೇಳಿದ್ದನ್ನು ತಿರುಗಿ ಹೇಳಿಸುತ್ತಾರೆ. ಹತ್ತು ಮಾತಿಗೆ ಒಂಬತ್ತನ್ನು ಸರಿ ಹೇಳುತ್ತೇನೆ. ತಪ್ಪಿದ ಹತ್ತನೆಯದನ್ನು ಮೂರು ಸಲ ಕೇಳಿಸಿ, ತಪ್ಪು ಯಂತ್ರದ್ದಲ್ಲ ನನ್ನದೇ ಎಂದು ಖಾತ್ರಿ ಮಾಡಿಕೊಂಡು ಬಿಡುತ್ತಾರೆ. ನಾನು ಪಾಸು.

ಏಳೂವರೆಗೆ ಗೌಸ್ ಪೀರರ ಲಗೇಜ್ ಆಟೋ ಹರಿಹರದ ದಾರಿ ಹಿಡಿಯುತ್ತದೆ. ಮುಂದೆ ಅವರ ಪಕ್ಕದಲ್ಲಿ ಚೌಡೇಶ್ವರಿ, ಮಡಿಲಲ್ಲಿ ಪೆನ್‌ಡ್ರೈವಿನ ಡಬ್ಬಿ. ಹಿಂದೆ ಮೂರು ಹಳೆಯ ಕಂಪ್ಯೂಟರುಗಳ ಜೊತೆ ನಾಲ್ಕನೆಯದಾಗಿ ನಾನು. ಹದಿನಾಲ್ಕು ಕಿಲೋಮೀಟರಿನಲ್ಲಿ ಎಷ್ಟು ಗುಂಡಿಗಳಿವೆ ಎಂದು ಯಾರಾದರೂ ಕೇಳಿದರೆ ನನ್ನ ಬೆನ್ನು ಹೇಳೀತು. ಗಾಡಿಗಳು ಹಾರ್ನ್ ಹೊಡೆಯುತ್ತಾ ನುಗ್ಗುತ್ತವೆ. ಹಾಗೆ ನುಗ್ಗುವ ಒಂದು ಖಾಸಗಿ ಬಸ್ಸಿನ ಬಾಗಿಲಲ್ಲಿ ಇಪ್ಪತ್ತಾರು ವರ್ಷ ನಿಂತಿದ್ದವರು ಕುಬೇರಪ್ಪ. ದಾವಣಗೆರೆಗೂ ಹರಿಹರಕ್ಕೂ ನಡುವೆ ದಿನಕ್ಕೆ ಎಂಟು ಸಲ ಓಡಾಡಿದ ಕಂಡಕ್ಟರು. ಕಣ್ಣಿನೊಳಗಿನ ಒತ್ತಡ ಏರಿ, ಗೊತ್ತಾಗುವಷ್ಟರಲ್ಲಿ ನೋಟ ಹೋಗಿತ್ತು. ಆಗ ವಯಸ್ಸು ಐವತ್ತಾರು.

ಕುಬೇರಪ್ಪ ಈಗ ದಿನವಿಡೀ ಮನೆಯ ಕಟ್ಟೆಯ ಮೇಲೆ ಕೂತು, ಹಾರ್ನ್ ಸದ್ದಿನ ಮೇಲೆ ಯಾವ ಬಸ್ಸು ಎಂದು ಹೇಳುತ್ತಾ ಕಾಲ ಕಳೆಯುತ್ತಾರೆ ಎಂದು ರಶ್ಮಿ ಮೇಡಂ ಹೇಳಿದ್ದರು. ಅವರ ಹಳೆಯ ಮಾಲೀಕರು ಶಿವಮೂರ್ತಪ್ಪ ಈಚೆಗೆ ಒಂದು ಮಾತು ಆಡಿದ್ದಾರೆ. ಬಸ್ಸಿನ ಸಮಯ ಕೇಳಿ ದಿನಕ್ಕೆ ನೂರಾರು ಫೋನು ಬರುತ್ತವೆ, ಉತ್ತರ ಹೇಳಲು ಆಫೀಸಿನಲ್ಲಿ ಒಂದು ಕುರ್ಚಿ ಖಾಲಿಯಿದೆ. ಕುಬೇರಪ್ಪನಿಗೆ ದಾರಿ ಗೊತ್ತು, ಜನ ಗೊತ್ತು, ದನಿಯೂ ಇದೆ. ದಿನದಿನಕ್ಕೆ ಬದಲಾಗುವ ಪಟ್ಟಿಯನ್ನು ಕಂಪ್ಯೂಟರಿನಿಂದ ಕೇಳಿಸಿಕೊಂಡು ಹೇಳಲು ಕಲಿತರೆ ಕುರ್ಚಿ ಅವನದೇ. ಈ ತಂಡದಲ್ಲಿ ಕಲಿಯದಿದ್ದರೆ ಬೇರೆಯವರನ್ನು ನೋಡಬೇಕಾಗುತ್ತದೆ. ಇವತ್ತು ಕುಬೇರಪ್ಪ ಕೂರುವುದು ಬಿಡುವುದರ ಮೇಲೆ ಏನೇನಿದೆ ಎಂದು ಚೌಡೇಶ್ವರಿಗೆ ಚೆನ್ನಾಗಿ ಗೊತ್ತು.

ಹರಿಹರದ ಕೇಂದ್ರ ಎಂದರೆ ಓಣಿಯೊಳಗಿನ ಒಂದು ಉದ್ದನೆಯ ಕೋಣೆ. ಒಂಬತ್ತಕ್ಕೆ ಅಚ್ಚು ಇಳಿಸುವುದು ಶುರುವಾಗಿ ಒಂಬತ್ತೂ ಮುಕ್ಕಾಲಿಗೆ ಮುಗಿಯುತ್ತದೆ. ಹತ್ತಕ್ಕೆ ಎಂಟು ಜನ ಬಂದು ಕೂರುತ್ತಾರೆ. ಒಂದು ಕುರ್ಚಿ ಖಾಲಿ. ಹತ್ತೂಕಾಲು. ರಶ್ಮಿ ಮೇಡಂ ಪಾಠ ಶುರು ಮಾಡುತ್ತಾರೆ. ಚೌಡೇಶ್ವರಿ ಬಾಗಿಲ ಪಕ್ಕ ಗೋಡೆಗೆ ಒರಗಿ ನಿಂತು ಓಣಿಯ ಹೆಜ್ಜೆಗಳನ್ನೇ ಕೇಳುತ್ತಿದ್ದಾರೆ. ಅವರ ಕೈ ಸೆರಗಿನ ತುದಿಯನ್ನು ಸುತ್ತಿ ಬಿಚ್ಚಿ ಮಾಡುತ್ತಿದೆ. ಸುಮ್ಮನೆ ನೋಡಲು ಬಂದ ನಾನೂ ಬಾಗಿಲಿಗೆ ಹೋಗಿ ಓಣಿ ಇಣುಕುತ್ತೇನೆ.

ಹತ್ತೂವರೆಗೆ ಹೆಂಡತಿ ಮೈಲಮ್ಮನ ತೋಳು ಹಿಡಿದುಕೊಂಡು ಕುಬೇರಪ್ಪ ಬರುತ್ತಾರೆ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಎತ್ತರದ ಆಳು. "ಬರ್ರಿ ಅಪ್ಪಾಜಿ, ಕೂಡ್ರಿ" ಎನ್ನುವ ಚೌಡೇಶ್ವರಿಯ ದನಿಗೆ ಅವರು ಒಮ್ಮೆ ತಲೆ ತಿರುಗಿಸುತ್ತಾರೆ. ಕೂರುತ್ತಾರೆ. ರಶ್ಮಿ ಮೇಡಂ ಅವರ ಬೆರಳನ್ನು ಗುಂಡಿಯ ಮೇಲಿಡುತ್ತಾರೆ.

"ನಮಸ್ಕಾರ. ಇದು ಹರಿಹರ ಕೇಂದ್ರ. ನಿಮ್ಮ ಹೆಸರು ಟೈಪು ಮಾಡಿ, ಮುಂದಿನ ಗುಂಡಿ ಒತ್ತಿ" ಎಂದು ಯಂತ್ರ ಬಿಡಿಸಿ ಬಿಡಿಸಿ ಹೇಳುತ್ತದೆ.

ಹೆಸರನ್ನು ರಶ್ಮಿ ಮೇಡಂ ಟೈಪು ಮಾಡಿಕೊಡುತ್ತಾರೆ. ಕುಬೇರಪ್ಪನವರ ಮುಖದಲ್ಲಿ ಏನೂ ಇಲ್ಲ. ಮುಂದಿನ ಗುಂಡಿ ಒತ್ತುತ್ತಾರೆ. ಯಂತ್ರ ಇನ್ನೊಂದು ವಾಕ್ಯ ಓದುತ್ತದೆ. ಮತ್ತೊಂದು ಒತ್ತುತ್ತಾರೆ. ಮೈಲಮ್ಮ ಗಂಡನ ಬೆನ್ನ ಮೇಲೆ ಕೈಯಿಟ್ಟು ನಿಂತಿದ್ದಾರೆ.

"ಯಾಕವ್ವಾ, ಇದಕ್ಕೇನು ಮೈಯಾಗ ಹುಷಾರಿಲ್ಲೇನು?" ಎನ್ನುತ್ತಾರೆ ಕುಬೇರಪ್ಪ.

ಯಾರಿಗೂ ತಿಳಿಯುವುದಿಲ್ಲ.

"ಹಿಂಗ ಹೊಂಟ್ರೆ ದಾವಣಗೆರೆ ಮುಟ್ಟೋದು ಸಂಜೀಕೆ! ಸ್ವಲ್ಪ ಎತ್ರಿ."

ಚೌಡೇಶ್ವರಿ ಅಳುತ್ತಿದ್ದಾರೋ ನಗುತ್ತಿದ್ದಾರೋ ಹೇಳಲಾರೆ, ಎರಡೂ ಒಟ್ಟಿಗೇ ಆಗುತ್ತಿದೆ. ಧಾವಿಸಿ ಬಂದು ಅವರ ಪಕ್ಕ ಮಂಡಿಯೂರಿ ಕೂತು ವೇಗವನ್ನು ಮೂವತ್ತಕ್ಕೆ ಏರಿಸುತ್ತಾರೆ. "ಇನ್ನೊಂಚೂರು." ಮೂವತ್ತೈದು. "ಹೂಂ, ಹೋಗ್ಲಿ." ನಲವತ್ತು. "ಹೋಲ್ಡಾನ್! ಹೋಲ್ಡಾನ್! ಹಿಂದಕ್ಕೆ ತಗೊಳವ್ವ." ಮತ್ತೆ ಮೂವತ್ತೈದು. "ಹಾಂ, ರೈಟ್." ಕೋಣೆಯೆಲ್ಲ ಗೊಳ್ಳೆನ್ನುತ್ತದೆ. ಉಳಿದ ಎಂಟು ಮಂದಿಯೂ ಆ ದನಿಯನ್ನು ಎಂದೋ ಯಾವುದೋ ಬಸ್ಸಿನಲ್ಲಿ ಕೇಳಿದವರೇ ಇರಬೇಕು.

ನಗು ಇಳಿದ ಮೇಲೆ ಚೌಡೇಶ್ವರಿ ಮೆಲ್ಲಗೆ ಹೇಳುತ್ತಾರೆ, "ಅಪ್ಪಾಜಿ, ಅವತ್ತು ಇದು ಹಂಗೆ ಬಡಬಡಿಸ್ತಲ್ಲ, ಅದು ನನ್ನ ತಪ್ಪು. ನನ್ನ ವೇಗಾನೇ ನಿಮಗೂ ಇಟ್ಟಿದ್ದೆ."

ಕುಬೇರಪ್ಪ ಆ ದನಿಯ ಕಡೆಗೆ ತಿರುಗುತ್ತಾರೆ. ಕೈ ಚಾಚಿ, ಗಾಳಿಯಲ್ಲಿ ತಡವಿ, ಅವರ ತಲೆಯನ್ನು ಹುಡುಕುತ್ತಾರೆ. "ನಿಂದೇನವ್ವ? ನಾನು ನಂದು ಅನ್ಕೊಂಡಿದ್ದೆನಲ್ಲ. ವಯಸ್ಸಾತು, ಕಣ್ಣಿನ ಸಂಗಾಟ ತಲೀನೂ ಹೋತು, ಇನ್ನ ಏನೂ ಹತ್ತಂಗಿಲ್ಲ ಅಂತ ಮನ್ಯಾಗ ಕುಂತೆ. ಒಂದು ವರ್ಷ ಕುಂತೆ." ಮೈಲಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಬಾಗಿಲಲ್ಲಿ ಗೌಸ್ ಪೀರ್ ಬೇರೆ ಕಡೆ ತಿರುಗಿ ನಿಂತು ಮೂಗು ಸೀಟುತ್ತಾರೆ. ನಾನು ನನ್ನ ಪುಸ್ತಕದಲ್ಲಿ ಏನೋ ಬರೆದುಕೊಂಡೆ, ಆಮೇಲೆ ನೋಡಿದರೆ ಬರೀ ಗೀಟುಗಳು.

ಮಧ್ಯಾಹ್ನದ ಹೊತ್ತಿಗೆ ಕುಬೇರಪ್ಪ ಬಸ್ಸಿನ ಪಟ್ಟಿಯ ಮೊದಲ ಪುಟ ತೆರೆಸಿಕೊಂಡು, ಯಂತ್ರ ಓದುವುದಕ್ಕಿಂತ ಮೊದಲೇ ಮುಂದಿನ ಊರಿನ ಹೆಸರು ಹೇಳುತ್ತಾ ಅದರ ಜೊತೆ ಪೈಪೋಟಿಗೆ ಇಳಿದಿದ್ದಾರೆ. ನಾಳೆ ಒಂಬತ್ತಕ್ಕೇ ಬರುತ್ತಾರಂತೆ. ಒಂದು ಗಂಟೆ ಮೊದಲೇ ಬಂದರೆ ಬೀಗ ತೆಗೆದಿರುವುದಿಲ್ಲ ಎಂದು ರಶ್ಮಿ ಮೇಡಂ ಹೇಳಿದ್ದಕ್ಕೆ, "ನೀವು ಚಾವಿ ಎಲ್ಲಿಡ್ತೀರಿ ಹೇಳ್ರಿ" ಎಂದು ಕೇಳುತ್ತಿದ್ದಾರೆ.

ಚೌಡೇಶ್ವರಿ ಒಂದು ಮೂಲೆಯಲ್ಲಿ ತಮ್ಮ ಲ್ಯಾಪ್‌ಟಾಪ್ ತೆರೆದು ಹೆಸರಿನ ಪಟ್ಟಿಯ ಕೊನೆಗೆ ಒಂದು ಸಾಲು ಸೇರಿಸುತ್ತಾರೆ. ನೂರ ಅರವತ್ತನಾಲ್ಕನೆಯದು. ಕುಬೇರಪ್ಪ, ಅದರ ಮುಂದೆ ಮೂವತ್ತೈದು. ಇನ್ನು ಮುಂದೆ ಎಷ್ಟು ಹೊಸ ಅಚ್ಚು ಕಟ್ಟಿದರೂ, ಅವರು ಯಾವ ಯಂತ್ರದ ಮುಂದೆ ಕೂತರೂ ಅದು ಇದೇ ವೇಗದಲ್ಲಿ ಮಾತಾಡುತ್ತದೆ. ನಿಮ್ಮ ಬಗ್ಗೆ ಕೊನೆಗೆ ಏನು ಬರೆಯಲಿ ಎಂದು ನಾನು ಕೇಳುತ್ತೇನೆ. ಅವರು ಆ ಸಾಲನ್ನು ಯಂತ್ರದ ಬಾಯಲ್ಲಿ ಇನ್ನೊಮ್ಮೆ ಓದಿಸಿ ಕೇಳಿಸಿಕೊಳ್ಳುತ್ತಾರೆ.

"ಇಪ್ಪತ್ತೈದು ನಾನು ಹಾಕಿದ್ದು. ಮೂವತ್ತೈದು ಅವ್ರು ಕೇಳಿ ಹಾಕಿಸ್ಕೊಂಡಿದ್ದು" ಎನ್ನುತ್ತಾರೆ. "ಆ ನಡುವಿನ ಹತ್ತು ಐತಲ್ರಿ, ನನಗೆ ಅಷ್ಟು ಸಾಕು."